ಒಂದಿಂಚಿಗೊಂದು ಮೈಲಿ

ದಿಕ್ಕಿನ ಜ್ಞಾನ ಹಂಚುತ್ತ ಬಂದ ದೇವರು ನನ್ನ ಸರದಿ ಬರುವಷ್ಟರಲ್ಲಿ ಪಾತ್ರೆ ಬೋರಲು ಹಾಕಿಬಿಟ್ಟಿದ್ದನೆಂದು ಕಾಣುತ್ತದೆ. ಒಮ್ಮೆ ಮದುವೆಗೆ ಹೋದಾಗ, ಪಂಕ್ತಿಗೆ ಕೂರುವ ಮುಂಚೆ ಕೈ ತೊಳೆದು ಬರುತ್ತೇನೆಂದು ಎದ್ದವನು ವಾಪಸು ಬಂದು ಕೂತದ್ದು ಪಕ್ಕದ ಛತ್ರದ ಉಪನಯನದ ಪಂಕ್ತಿಯಲ್ಲಿ. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ತನಕ ಅದು ನನಗೆ ತಿಳಿಯಲಿಲ್ಲ. ತಿಳಿದ ಮೇಲೂ ಏಳಲಿಲ್ಲ, ಏಕೆಂದರೆ ಹೋಳಿಗೆ ಚೆನ್ನಾಗಿತ್ತು. ಈಗಿನ ಕಾಲದಲ್ಲಿ ಫೋನಿನೊಳಗೊಬ್ಬಳು ಹೆಂಗಸು ಕೂತು ದಾರಿ ಹೇಳುತ್ತಾಳಲ್ಲ, ಅವಳೂ ನನ್ನ ಜೊತೆ ಹತ್ತು ನಿಮಿಷ ಓಡಾಡಿದ ಮೇಲೆ ಸುಮ್ಮನಾಗುತ್ತಾಳೆ. ನನ್ನ ಹೆಂಡತಿ ಮೂವತ್ತೈದು ವರ್ಷಗಳಿಂದ ಹೇಳುತ್ತ ಬಂದದ್ದನ್ನು ಅವಳು ಹತ್ತೇ ನಿಮಿಷದಲ್ಲಿ ಅರ್ಥ ಮಾಡಿಕೊಂಡಳು ಎನ್ನುವುದಷ್ಟೇ ವ್ಯತ್ಯಾಸ.

ಇಂಥವನ ಕೈಗೆ ಒಂದು ನಕ್ಷೆ ಸಿಕ್ಕಿತು ಎಂದರೆ ಬೋಳುತಲೆಯವನಿಗೆ ಬಾಚಣಿಗೆ ಬಹುಮಾನ ಬಂದ ಹಾಗೆ.

ಸಿಕ್ಕಿದ್ದು ಸಾಗರದ ನಮ್ಮ ಹಳೆಯ ಮನೆಯ ಮೆತ್ತಿನ ಮೇಲೆ, ಅಜ್ಜನ ತಗಡಿನ ಟ್ರಂಕಿನಲ್ಲಿ. ಟ್ರಂಕಿನೊಳಗೆ ಎಂದರೆ ಒಳಗಿನ ವಸ್ತುವಾಗಿ ಅಲ್ಲ, ತಳಕ್ಕೆ ಹಾಸಿದ ಕಾಗದವಾಗಿ. ಅದರ ಮೇಲೆ ತಲೆಮಾರುಗಳ ಅಡಕೆ ಮಂಡಿಯ ಪಟ್ಟಿ, ಯಾರದೋ ಜಾತಕ, ಕಾಲು ಮುರಿದ ಕನ್ನಡಕ, ಒಂದು ತಾಮ್ರದ ಉದ್ಧರಣೆ. ಸುಣ್ಣ ಬಳಿಸುವ ಗಡಿಬಿಡಿಯಲ್ಲಿದ್ದ ಹೆಂಡತಿ "ಅದನ್ನೂ ರದ್ದಿಗೆ ಹಾಕಿ" ಅಂದಳು. ಹಾಕುವುದಕ್ಕೆಂದೇ ಎತ್ತಿದೆ. ಹಿಂಬದಿಗೆ ಬಟ್ಟೆ ಅಂಟಿಸಿದ ದಪ್ಪ ಕಾಗದ. ತಿರುವಿ ನೋಡಿದರೆ ಕಂದು ಗೆರೆಗಳು, ನೀಲಿ ಗೆರೆಗಳು, ಹಸಿರು, ಹಳದಿ, ಅಲ್ಲಲ್ಲಿ ಕೆಂಪು ಚುಕ್ಕೆ. ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನನಗೆ ಗೊತ್ತಿರುವ ಊರುಗಳ ಹೆಸರು. ತಲೆಬರಹದ ಹತ್ತಿರ 48 ಜೆ/16 ಎಂಬ ಸಂಖ್ಯೆ. ಸರ್ವೆ ಆಫ್ ಇಂಡಿಯಾದ ಒಂದಿಂಚಿನ ನಕ್ಷೆ. ಒಂದಿಂಚಿನದು ಎಂದರೆ ಗಾತ್ರದಲ್ಲಲ್ಲ. ಕಾಗದದ ಮೇಲಿನ ಒಂದಿಂಚು ನೆಲದ ಮೇಲಿನ ಒಂದು ಮೈಲಿಗೆ ಸಮ. ಮೈಲಿಗೆ 63,360 ಇಂಚು ಎಂದು ಪ್ರೈಮರಿ ಶಾಲೆಯಲ್ಲಿ ಬಾಯಿಪಾಠ ಮಾಡಿಸಿ ಕಿವಿ ಹಿಂಡಿದ್ದ ಮಾಸ್ತರರ ಶ್ರಮ ಅರವತ್ತು ದಾಟಿದ ಮೇಲೆ ಮೊದಲ ಸಲ ಉಪಯೋಗಕ್ಕೆ ಬಂತು.

ಆ ಹಾಳೆಯಲ್ಲಿ ಇದ್ದದ್ದು ಶರಾವತಿ ಕಣಿವೆ. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ರಾಮನ ಬಾಣದಿಂದ ಹುಟ್ಟಿದಳು ಎಂದು ಹೇಳಿಸಿಕೊಳ್ಳುವ ಈ ಹೊಳೆ ಹೊನ್ನಾವರದಲ್ಲಿ ಸಮುದ್ರ ಸೇರುವುದರೊಳಗೆ ಹರಿಯುವುದು ಬರೀ 128 ಕಿಲೋಮೀಟರು. ಗಂಗೆ, ಗೋದಾವರಿಗಳ ಮುಂದೆ ಇದು ಹಿತ್ತಲಿಗೆ ಹೋಗಿ ಬಂದ ಹಾಗೆ. ಆದರೆ ಆ ಪುಟ್ಟ ಪ್ರಯಾಣದಲ್ಲೂ ನಡುವೆ ಒಂದು ಕಡೆ 830 ಅಡಿ ಕೆಳಗೆ ಹಾರಿ ಜೋಗ ಎಂದು ಹೆಸರು ಮಾಡಿಕೊಂಡುಬಿಟ್ಟಿದೆ. ನಮ್ಮ ಮನೆತನದವರು ಜೋಗಕ್ಕಿಂತ ಸುಮಾರು ಮೇಲೆ, ಹೊಳೆ ಇನ್ನೂ ಹಾರುವ ಯೋಚನೆ ಮಾಡದೆ ತೋಟ ಗದ್ದೆಗಳ ನಡುವೆ ತಣ್ಣಗೆ ಹೋಗುತ್ತಿದ್ದ ಜಾಗದಲ್ಲಿ ಇದ್ದವರು. ಇದ್ದವರು ಎಂದೆ, ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಈ ನಕ್ಷೆಗಳಲ್ಲಿ ಬಣ್ಣಕ್ಕೊಂದು ಕೆಲಸ. ನೀಲಿ ಎಂದರೆ ನೀರು, ಹಸಿರು ಕಾಡು, ಹಳದಿ ಸಾಗುವಳಿ ನೆಲ, ಕೆಂಪು ಎಂದರೆ ಜನವಸತಿ ಮತ್ತು ರಸ್ತೆ. ಕಂದು ಗೆರೆಗಳು ಗುಡ್ಡದ ಎತ್ತರ ಹೇಳುತ್ತವೆ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ. ಐವತ್ತೈವತ್ತು ಅಡಿಗೆ ಒಂದೊಂದು. ನನ್ನ ಮೊಮ್ಮಗಳು "ಅಂದ್ರೆ ಹೇಗೆ ಅಜ್ಜ?" ಎಂದು ಕೇಳಿದಾಗ ಬಚ್ಚಲುಮನೆಗೆ ಕರೆದೊಯ್ದು ಹಂಡೆ ತೋರಿಸಿದೆ. ಹಂಡೆಯ ನೀರು ದಿನಾ ಒಂದೊಂದು ಮಟ್ಟಕ್ಕೆ ಇಳಿದಾಗ ಒಳಮೈಗೆ ಬಿಳಿ ಬಳೆಗಳು ಕೂರುತ್ತವಲ್ಲ, ಅದೇ. ಗುಡ್ಡಕ್ಕೆ ಹೊರಗಿನಿಂದ ತೊಡಿಸಿದರೆ ಈ ಗೆರೆ. ಗುಡ್ಡ ನಿಧಾನಕ್ಕೆ ಏರುವ ಕಡೆ ಬಳೆಗಳು ದೂರ ದೂರ. ಕಡಿದಾದಲ್ಲಿ ಎರಡನೇ ಪಂಕ್ತಿಗೆ ಬಾಗಿಲಲ್ಲಿ ಕಾದು ನಿಂತ ಜನರಂತೆ ಒತ್ತೊತ್ತು. ಜೋಗದ ಬಂಡೆಯ ಅಂಚಿನಲ್ಲಂತೂ ಹದಿನಾರು ಗೆರೆಗಳು ಒಂದರ ಹೆಗಲ ಮೇಲೊಂದು ಹತ್ತಿ ನಿಂತು ಬರೀ ಕಂದು ಮಸಿಯಾಗಿದೆ. ಮೊಮ್ಮಗಳಿಗೆ ಎಲ್ಲ ಅರ್ಥವಾಯಿತು. ಆದರೆ ಹಂಡೆ ಯಾಕೆ ತಿಕ್ಕಿಲ್ಲ ಎಂದು ಅವಳು ಅಜ್ಜಿಯನ್ನು ಕೇಳಿದ್ದರಿಂದ ಪಾಠ ಅಲ್ಲಿಗೇ ನಿಂತಿತು.

ಅಮೆರಿಕದಲ್ಲಿ ಬೆಳೆದ ಮೊಮ್ಮಗಳು ಅವಳು. ನಕ್ಷೆಯಲ್ಲಿ ಹೊಳೆ ಎಂದಿರುವಲ್ಲೆಲ್ಲ ಅವಳು "ಹೋಲ್, ಹೋಲ್" ಎಂದು ಓದಿದಳು. ಇಂಗ್ಲಿಷಿನ ನಾಲ್ಕು ಅಕ್ಷರಕ್ಕೆ ಸಿಕ್ಕಿದರೆ ನಮ್ಮ ಹೊಳೆ ತೂತಾಗುತ್ತದೆ, ಹಳ್ಳ ಹಲ್ಲಾಗುತ್ತದೆ. ಳಕಾರವಿಲ್ಲದ ಭಾಷೆಯಲ್ಲಿ ಮಲೆನಾಡಿನ ನಕ್ಷೆ ಬರೆಯುವುದು ಹುಣಸೆಹಣ್ಣಿಲ್ಲದೆ ಸಾರು ಮಾಡಿದಂತೆ. ಹೋಗಲಿ, ಅದು ಬರೆದವರ ತಪ್ಪಲ್ಲ. ಆದರೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಮರಗಳ ವಿಷಯಕ್ಕೆ. ನಕ್ಷೆಯ ಕೆಳಗೆ ಚಿಹ್ನೆಗಳ ಪಟ್ಟಿ ಇರುತ್ತದೆ. ದೇವಸ್ಥಾನ, ಮಸೀದಿ, ಇಗರ್ಜಿ, ಬಾವಿ, ಅಂಚೆ ಕಚೇರಿ, ಪ್ರವಾಸಿ ಬಂಗಲೆ ಎಲ್ಲಕ್ಕೂ ಒಂದೊಂದು ಗುರುತು. ಮರಗಳಲ್ಲಿ ತಾಟಿಗೆ ಪ್ರತ್ಯೇಕ ಚಿಹ್ನೆ, ಬಾಳೆಗೆ ಪ್ರತ್ಯೇಕ, ಬಿದಿರಿಗೆ ಪ್ರತ್ಯೇಕ. ಅಡಕೆಗೆ? ಅದು "ಇತರ ತಾಳೆಜಾತಿ"! ನಮ್ಮ ಮದುವೆ, ಮುಂಜಿ, ಸಾಲ, ವ್ಯಾಜ್ಯ, ದಾಯಾದಿ ಮತ್ಸರ, ಆಯುಷ್ಯದ ಅಷ್ಟೂ ಚಿಂತೆ ಯಾವ ಮರದ ತುದಿಯಲ್ಲಿ ಗೊನೆಗಟ್ಟಿ ತೂಗುತ್ತದೋ ಆ ಮರಕ್ಕೆ ಸರ್ಕಾರ ಕೊಟ್ಟ ಸ್ಥಾನ ರೇಷನ್ ಕಾರ್ಡಿನ "ಇತರೆ" ಕಾಲಮ್ಮಿನದು. ಅಜ್ಜ ಇದನ್ನು ಕಂಡಿದ್ದರೆ ನಕ್ಷೆಯನ್ನು ಟ್ರಂಕಿನ ತಳಕ್ಕೆ ಹಾಸಿದ್ದು ಯಾಕೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇನ್ನು ಇಲ್ಲದೇ ಇರುವುದರ ಪಟ್ಟಿ. ಬೇಲಿಯ ದಣಪೆ ಇಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಕೆ ಮರದ ಸಂಕ ಇಲ್ಲ. ಗುಡ್ಡದ ನೀರನ್ನು ಮನೆ ಹಿತ್ತಲಿಗೆ ತರುವ ಅಬ್ಬಿ ಇಲ್ಲ. ಸೊಪ್ಪಿನಬೆಟ್ಟವೂ ಸರ್ಕಾರದ ಕಾಡೂ ಒಂದೇ ಹಸಿರಿನಲ್ಲಿ ಕಲಸಿಹೋಗಿವೆ. ಅದರ ಗಡಿಗಾಗಿ ಎರಡು ತಲೆಮಾರು ಕೋರ್ಟಿಗೆ ಅಲೆದವರಿಗೆ ಇದು ಸಣ್ಣ ಅವಮಾನವಲ್ಲ. ದೂರದ ಲೆಕ್ಕ ಮೈಲಿ, ಫರ್ಲಾಂಗುಗಳಲ್ಲಿದೆ. ನಮ್ಮ ಕಡೆ ಹಾಗಿರಲಿಲ್ಲ. ಹತ್ತಿರದ್ದು ಕೂಗಳತೆ. ಅದಕ್ಕಿಂತ ಹೆಚ್ಚು ಹರದಾರಿ. ಇವೆರಡರ ನಡುವಿನ ದೂರಕ್ಕೆ ಕವಳದ ಅಳತೆ: "ಇಲ್ಲಿಂದ ಒಂದು ಕವಳ ದಾರಿ." ಎಲೆಗೆ ಸುಣ್ಣ ಹಚ್ಚಿ, ಅಡಕೆ ಹೋಳು ಸೇರಿಸಿ ಬಾಯಿಗಿಟ್ಟು ಹೊರಟರೆ ಅದು ಅಗಿದು ಮುಗಿಯುವಷ್ಟರಲ್ಲಿ ಊರು ಸಿಗುತ್ತದೆ ಎಂದರ್ಥ. ಹಲ್ಲಿದ್ದವರಿಗೂ ಇಲ್ಲದವರಿಗೂ ಊರು ಬೇರೆ ಬೇರೆ ದೂರದಲ್ಲಿರುತ್ತಿತ್ತು. ಆದರೆ ಯಾರೂ ದಾರಿ ತಪ್ಪಿದ್ದು ಕೇಳಿಲ್ಲ. ನನ್ನನ್ನು ಬಿಟ್ಟು.

ಹಾಗೆಂದು ಈ ಸರ್ವೆಯವರನ್ನು ಹಗುರಾಗಿ ನೋಡುವ ಹಾಗಿಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಬೆಂಗಳೂರಿನ ಹತ್ತಿರ ಸರಪಣಿ ಎಳೆದು ಅಳತೆಗೆ ಶುರುವಿಟ್ಟ ವಿಲಿಯಂ ಲ್ಯಾಂಬ್ಟನ್ ಎಂಬಾತ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬುಡದಲ್ಲಿ ಏಳೂವರೆ ಮೈಲಿಯ ಒಂದು ಗೆರೆ ಅಳೆದ. ಅಷ್ಟು ಅಳೆಯಲು ಅವನಿಗೆ 57 ದಿನ ಬೇಕಾಯಿತು. ಏಳೂವರೆ ಮೈಲಿಗೆ 57 ದಿನ ನನಗೂ ಬೇಕಾದೀತು, ಆದರೆ ಅವನು ದಾರಿ ತಪ್ಪಿ ತಡ ಮಾಡಿದವನಲ್ಲ. ಸರಪಣಿ ಬಿಸಿಲಿಗೆ ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ಹಿಡಿಯುತ್ತಿದ್ದ. ಆ ಗೆರೆಯ ಮೇಲೆ ಒಂದು ತ್ರಿಕೋನ, ಅದರ ಬೆನ್ನಿಗೆ ಇನ್ನೊಂದು, ಹೀಗೆ ಹೆಂಗಸರು ರಂಗೋಲಿ ಬೆಳೆಸಿದ ಹಾಗೆ ಬೆಳೆಸುತ್ತ ಹೋಗಿ ಅವನ ನಂತರದವರು ಹಿಮಾಲಯ ಮುಟ್ಟಿದರು. ಅವನ ಕೋನ ಅಳೆಯುವ ಯಂತ್ರ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಅದನ್ನು ಎತ್ತುವಾಗ ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ವಾರಗಟ್ಟಲೆ ತಟ್ಟಿ ಕುಟ್ಟಿ ಅದನ್ನು ನೆಟ್ಟಗೆ ಮಾಡಿಕೊಂಡನಂತೆ. ನಮ್ಮ ಮನೆಯ ಮಿಕ್ಸಿ ಕೆಳಗೆ ಬಿದ್ದಾಗ ನಾನು ಬಿಚ್ಚಿ ಕೂತದ್ದು ನೆನಪಾಯಿತು. ಅದು ಈಗಲೂ ಬಿಚ್ಚಿಯೇ ಇದೆ.

ಇನ್ನೊಬ್ಬ ನನಗೆ ತುಂಬ ಇಷ್ಟದವನು, ಕುಮಾವೂಂ ಕಡೆಯ ನೈನ್ ಸಿಂಗ್ ರಾವತ್. ಹೊರಗಿನವರಿಗೆ ಬಾಗಿಲು ಹಾಕಿದ್ದ ಟಿಬೆಟ್ಟನ್ನು ಅಳೆಯಲು 1865ರಲ್ಲಿ ಸರ್ವೆಯವರು ಇವನನ್ನು ಯಾತ್ರಿಕನ ವೇಷದಲ್ಲಿ ಕಳಿಸಿದರು. ಕೈಯಲ್ಲೊಂದು ಜಪಮಾಲೆ. ನೂರೆಂಟು ಮಣಿ ಇರಬೇಕಾದಲ್ಲಿ ಸರಿಯಾಗಿ ನೂರು. ನೂರು ಹೆಜ್ಜೆಗೆ ಒಂದು ಮಣಿ ಸರಿಸುತ್ತ ಅವನು ಲ್ಹಾಸಾದವರೆಗೆ ನಡೆದ. ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಅಳತೆಯ ಚೀಟಿ. ನನ್ನ ಅಜ್ಜನ ಜಪಸರದಲ್ಲಿ ನೂರೆಂಟು ಮಣಿ ಸರಿಯಾಗಿಯೇ ಇದ್ದವು. ಆದರೆ ಜಪದ ನಡುವೆಯೇ ಅವನು "ಆ ಕೊನೇ ಮರದ ಗೊನೆ ಯಾರೋ ಇಳಿಸಿದಾರೆ" ಎನ್ನುತ್ತಿದ್ದದ್ದನ್ನು ನೋಡಿದರೆ ಮಣಿಗಳ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೆಂದು ಈಗ ಅನುಮಾನ.

ಎಲ್ಲಿದ್ದೆವು? ಹಾಂ, ಟ್ರಂಕಿನ ತಳದಲ್ಲಿ.

ನಕ್ಷೆಯ ಇಸವಿ ನೋಡೋಣವೆಂದರೆ ಅದಿದ್ದ ಮೂಲೆ ಗೆದ್ದಲಿನ ಹೊಟ್ಟೆಯಲ್ಲಿ. ಬೆಲೆ ಇದ್ದ ಮೂಲೆಯನ್ನು ಮಾತ್ರ ಬಿಟ್ಟಿದೆ. ವ್ಯವಹಾರ ಬಲ್ಲ ಗೆದ್ದಲು. ಆದರೂ ಹಾಳೆಯ ವಯಸ್ಸು ಅಂದಾಜು ಮಾಡಬಹುದು. ಬಣ್ಣದ ಮುದ್ರಣ ಮತ್ತು ಈ ಮಾದರಿಯ ಸಂಖ್ಯೆ ಬಂದದ್ದು 1905ರ ಆಚೆಗೆ. ತಾಳಗುಪ್ಪಕ್ಕೆ ರೈಲು ಬಂದದ್ದು 1940ರಲ್ಲಿ, ನಕ್ಷೆಯ ತಾಳಗುಪ್ಪದಲ್ಲಿ ರೈಲಿಲ್ಲ. ಮಡೆನೂರಿನ ಬಳಿ ಹೊಳೆಗೆ ಹಿರೇಭಾಸ್ಕರ ಅಣೆಕಟ್ಟು ಎದ್ದದ್ದು ನಲವತ್ತರ ದಶಕದಲ್ಲಿ, ಅದೂ ಇಲ್ಲ. ಹೀಗೆ ಇಲ್ಲದ್ದನ್ನು ಎಣಿಸಿಯೇ ವಯಸ್ಸು ಹೇಳಬೇಕು. ನಮ್ಮ ಕಡೆಯ ಮುದುಕಿಯರೂ ಹಾಗೆಯೇ: "ರೈಲು ಬರೂಕೆ ಮುಂಚೆ ಹುಟ್ಟಿದ್ದು" ಎಂದರೆ ಜಾತಕ ಮುಗಿಯಿತು.

ಆಮೇಲಿನದೆಲ್ಲ ನಿಮಗೆ ಗೊತ್ತಿರುವುದೇ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಸುಮಾರು ಎರಡೂಮುಕ್ಕಾಲು ಕಿಲೋಮೀಟರು ಉದ್ದದ ಅಣೆಕಟ್ಟು ಎದ್ದಿತು. 151 ಟಿಎಂಸಿ ನೀರು ನಿಂತಿತು. ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿತು. ಎರಡು ದಶಕವೂ ತುಂಬದ ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿದ ಮೇಲೆ ಊರುಗಳ ಮಾತೇನು! ತೋಟ, ಗದ್ದೆ, ದೇವಸ್ಥಾನ, ದಾರಿ ಎಲ್ಲ ಕೆಳಗೆ ಹೋದವು. ಗುಡ್ಡದ ತಲೆಗಳು ದ್ವೀಪಗಳಾದವು. ನಮ್ಮ ಕಡೆ ಅದಕ್ಕೆ ಒಂದೇ ಶಬ್ದ: ಮುಳುಗಡೆ. ನಾ. ಡಿಸೋಜ ಅದೇ ಹೆಸರಿನಲ್ಲಿ ಕಾದಂಬರಿ ಬರೆದರು, "ದ್ವೀಪ"ವನ್ನೂ ಬರೆದರು. ಸರ್ಕಾರಿ ಇಲಾಖೆಯ ಕೆಲಸದಲ್ಲಿದ್ದು ಈ ಯೋಜನೆಯನ್ನು ಹತ್ತಿರದಿಂದ ಕಂಡವರು ಅವರು. ನಾಡಿಗೆಲ್ಲ ದೀಪ ಹತ್ತಿತು. ಆ ದೀಪದ ಬುಡದಲ್ಲಿದ್ದವರು ಲಾಟೀನು ಹಿಡಿದು ಗಂಟು ಕಟ್ಟಿದರು.

ನಕ್ಷೆ ನೋಡುತ್ತ ನನಗೆ ಹೊಳೆದದ್ದೊಂದಿದೆ. ಆ ಕಂದು ಬಳೆಗಳು ಯಾರೂ ಕಾಣದ ಗೆರೆಗಳು. ನೆಲದ ಮೇಲೆ ಅಂಥ ಗೆರೆ ಇಲ್ಲ. ದನ ಅದನ್ನು ದಾಟುತ್ತದೆ, ಮಕ್ಕಳು ದಾಟುತ್ತವೆ, ಯಾರ ಕಾಲಿಗೂ ತೊಡರುವುದಿಲ್ಲ. ಆದರೆ ಜಲಾಶಯದ ತುಂಬುಮಟ್ಟ 1819 ಅಡಿ ಎಂದು ಗೊತ್ತಾದ ದಿನ ಅಂಥದೊಂದು ಗೆರೆಗೆ ಜೀವ ಬಂತು. 1825 ಅಡಿಯಲ್ಲಿ ಕೊಟ್ಟಿಗೆ ಕಟ್ಟಿಸಿದವನು ಅಲ್ಲೇ ಉಳಿದು ಕರೆಗೆ ಬರುವ ನೀರನ್ನು ನೋಡುತ್ತ ಕೂತ. 1810 ಅಡಿಯಲ್ಲಿ ಮನೆ ಕಟ್ಟಿದವನು ತೊಲೆ, ಜಂತಿ, ದೇವರ ಪೆಟ್ಟಿಗೆ ಹೊತ್ತು ಗಾಡಿ ಹತ್ತಿದ. ಮುತ್ತಜ್ಜ ಮನೆಗೆ ಪಾಯ ತೋಡಿಸುವಾಗ ನೀರು, ಗಾಳಿ, ವಾಸ್ತು ಎಲ್ಲ ನೋಡಿದ್ದನಂತೆ, ಸಮುದ್ರಮಟ್ಟ ಒಂದನ್ನು ಬಿಟ್ಟು. ತಮಾಷೆಯೆಂದರೆ ನಮ್ಮ ಹಣೆಯ ಮೇಲೆ ಬರೆದ ಆ ಗೆರೆ ಈ ನಕ್ಷೆಯಲ್ಲಿ ಇಲ್ಲ. 1800ರ ಗೆರೆ ಇದೆ, 1850ರದು ಇದೆ. 1819 ಅವೆರಡರ ನಡುವಿನ ಖಾಲಿ ಹಳದಿಯಲ್ಲಿ ಎಲ್ಲೋ ಇದೆ. ಬೆರಳು ಆಡಿಸಿದರೆ ನುಣ್ಣಗೆ, ಏನೂ ತಾಗುವುದಿಲ್ಲ.

ಹೀಗೆ ಬೆರಳಾಡಿಸುತ್ತಿರುವಾಗಲೇ ಆ ಕೆಂಪು ಚುಕ್ಕೆ ಕಂಡದ್ದು.

ಹೊಳೆಯ ತಿರುವಿನ ಹತ್ತಿರ, ಒಂದು ಗುಡ್ಡದ ಬುಡಕ್ಕೆ, ಹೆಸರಿಲ್ಲದ ಒಂದು ಕೆಂಪು ಗುರುತು. ಸುಮಾರು ಕಾಲಿಂಚು. ಕೆಂಪೆಂದರೆ ಜನವಸತಿ ಎಂದು ಆಗಲೇ ಹೇಳಿದೆನಲ್ಲ. ನಮ್ಮ ಊರು ಇದ್ದದ್ದು ಅಲ್ಲೇ ಎಂದು ಅಪ್ಪಯ್ಯ ಹೇಳುತ್ತಿದ್ದ ಗುರುತುಗಳಿಗೆಲ್ಲ ಅದು ತಾಳೆಯಾಯಿತು. ಮೂರೇ ಮನೆಯ ನಮ್ಮ ಊರು ಬ್ರಿಟಿಷರ ಕಾಲದ ನಕ್ಷೆಯಲ್ಲಿ! ಊರು ಬಿಟ್ಟಾಗ ನಾನು ಐದು ವರ್ಷದವನು. ನೆನಪಿರುವುದು ಜಗುಲಿಯ ಕಂಬ ಒಂದು, ಮತ್ತು ಅದನ್ನು ಸುತ್ತು ಹಾಕುವಾಗ ಬಿದ್ದು ಮುರಿದುಕೊಂಡ ಹಾಲುಹಲ್ಲು ಒಂದು. ಈಗ ಏಕಾಏಕಿ ಸರ್ಕಾರಿ ಪುರಾವೆ ಸಿಕ್ಕಿತು. ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ನಲವತ್ತು ಮಂದಿ ಕೈ ಮುಗಿದ ಚಿತ್ರ ಕಳಿಸಿದರು. ಅದರಲ್ಲಿ ಮೂವರು ಯಾರೋ ತೀರಿಕೊಂಡರೆಂದು ತಿಳಿದು "ಓಂ ಶಾಂತಿ" ಎಂದೂ ಬರೆದರು. ಎಂಜಿನಿಯರ್ ಅಳಿಯ ಹಾಳೆಯ ಅಂಚಿನ ಅಕ್ಷಾಂಶ, ರೇಖಾಂಶ ಹಿಡಿದು ಹಳೆಯ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿಕೊಟ್ಟ. "ಮಾವ, ಮೇ ತಿಂಗಳಲ್ಲಿ ನೀರು ಇಳಿದಾಗ ಈ ಜಾಗ ದಡಕ್ಕೆ ಹತ್ತಿರ ಇರತ್ತೆ" ಅಂದ.

ಇಷ್ಟು ಸಾಕಾಯಿತು. ಒಂದು ಕಾಲದಲ್ಲಿ ಕರಾವಳಿಗೆ ಸಮೀಪದ, ಗಡಿಗೆ ಸಮೀಪದ ನಕ್ಷೆಗಳು ಸಾರ್ವಜನಿಕರ ಕೈಗೆ ಸಿಗುತ್ತಿರಲಿಲ್ಲ. ದೇಶದ ಭದ್ರತೆಯ ಪ್ರಶ್ನೆ. 2005ರ ನಕ್ಷೆ ನೀತಿಯ ಮೇಲೆ ಬಿಗಿ ಸಡಿಲವಾಯಿತು, ಈಗ ಸರ್ವೆಯವರ ಜಾಲತಾಣದಿಂದಲೇ ಎಷ್ಟೋ ಹಾಳೆಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಶತ್ರುಗಳಿಂದ ಅಷ್ಟು ವರ್ಷ ಬಚ್ಚಿಟ್ಟ ನಮ್ಮ ಕೊಟ್ಟಿಗೆಯ ಜಾಗವನ್ನು ನಾನೇ ಹೋಗಿ ವಶಪಡಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, ನಕ್ಷೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇ ತಿಂಗಳ ಒಂದು ಬೆಳಗ್ಗೆ ಹಿನ್ನೀರಿನ ದಡದಲ್ಲಿ ನಿಂತೆ.

ಬೇಸಿಗೆಯ ಹಿನ್ನೀರನ್ನು ನೀವು ನೋಡಿದ್ದೀರೋ ಇಲ್ಲವೋ. ನೀರು ಇಳಿದ ಗುಡ್ಡಗಳ ಮೈಮೇಲೆ ಮರವಿಲ್ಲ, ಹುಲ್ಲಿಲ್ಲ, ಬರೀ ಕೆಂಪು ಮಣ್ಣು. ಆ ಮಣ್ಣಿನ ಮೇಲೆ, ನೀರು ಇಳಿಯುತ್ತ ಇಳಿಯುತ್ತ ನಾಲ್ಕು ದಿನ ನಿಂತಲ್ಲೆಲ್ಲ ಒಂದೊಂದು ಗೆರೆ. ಸುತ್ತಲಿನ ಎಲ್ಲ ಗುಡ್ಡಕ್ಕೂ ಒಂದೇ ಮಟ್ಟದಲ್ಲಿ, ಒಂದರ ಕೆಳಗೊಂದು, ಎಣಿಸಿದರೆ ಮುಗಿಯದಷ್ಟು. ನಾನು ಕವರಿನೊಳಗಿನ ನಕ್ಷೆ ನೋಡಿದೆ, ಗುಡ್ಡ ನೋಡಿದೆ. ಲ್ಯಾಂಬ್ಟನ್ನನ ಕಡೆಯವರು ಕಾಗದದ ಮೇಲೆ ಮಾತ್ರ ಎಳೆದದ್ದನ್ನು ನೀರು ಪ್ರತಿ ಬೇಸಿಗೆಯಲ್ಲೂ ನೆಲದ ಮೇಲೇ ಎಳೆದು ತೋರಿಸುತ್ತಿತ್ತು, ನಮ್ಮ ಬಚ್ಚಲ ಹಂಡೆಯ ಹಾಗೆ. ನಡುನಡುವೆ ಕರಿ ಬೊಡ್ಡೆಗಳು. ಅರವತ್ತು ವರ್ಷ ನೀರುಂಡರೂ ಕೊಳೆಯದ ಮರದ ಬುಡಗಳು.

ಇಂಥ ಗಂಭೀರ ಯೋಚನೆ ಮಾಡುತ್ತ ಮುಂದೆ ಹೆಜ್ಜೆ ಇಟ್ಟದ್ದೇ ತಪ್ಪಾಯಿತು. ಹಿನ್ನೀರಿನ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟು ಹಪ್ಪಳದ ಹಾಗೆ ಕಾಣುತ್ತದೆ, ಕೆಳಗೆ ಹಪ್ಪಳದ ಹಿಟ್ಟು. ಬಲಗಾಲು ಮೊಣಕಾಲಿನ ತನಕ ಹೋಯಿತು. ಅದನ್ನು ಎಳೆಯಲು ಎಡಗಾಲು ಊರಿದೆ, ಅದೂ ಹೋಯಿತು. ಎರಡೂ ಕೈಯಲ್ಲಿ ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಅಕ್ಷಾಂಶ ರೇಖಾಂಶ ನಿಖರವಾಗಿ ಗೊತ್ತಿದ್ದೂ ಅಲ್ಲಾಡಲು ಬಾರದೆ ನಿಂತೆ. ದಿಕ್ಕು ತಪ್ಪದೆ ಬಂದು ಮುಟ್ಟಿದ ಆಯುಷ್ಯದ ಮೊದಲ ಜಾಗ ಅದು, ಬಿಟ್ಟು ಹೋಗಲು ಅದು ಬಿಡುತ್ತಿರಲಿಲ್ಲ.

ದಡದಲ್ಲಿ ದನ ಮೇಯಿಸುತ್ತಿದ್ದ ಹುಡುಗನೊಬ್ಬ ಸ್ವಲ್ಪ ಹೊತ್ತು ಕುತೂಹಲದಿಂದ ನೋಡಿದ. ಆಮೇಲೆ, "ಹೆಗ್ಡೇರೆ, ಮೀನು ಹಿಡಿತಿದೀರಾ?" ಎಂದ. ಅವನೇ ಒಂದು ಗಳ ಚಾಚಿ ಎಳೆದು ಹಾಕಿದ. ಒಂದು ಚಪ್ಪಲಿ ಪಿತ್ರಾರ್ಜಿತ ಭೂಮಿಯಲ್ಲೇ ಉಳಿಯಿತು. ಮುಳುಗಡೆಯ ಪಟ್ಟಿಗೆ ಅರವತ್ತು ವರ್ಷದ ನಂತರ ನನ್ನದೊಂದು ಸೇರ್ಪಡೆ.

ಆ ಅವತಾರದಲ್ಲೇ ಅತ್ತೆಯ ಮನೆಗೆ ಹೋದೆ. ಅಪ್ಪಯ್ಯನ ತಂಗಿ. ತುಮರಿಯ ಕಡೆಗೆ ಕೊಟ್ಟದ್ದು, ಎಂಬತ್ನಾಲ್ಕು ವರ್ಷ. ಆ ಸೀಮೆಯವರು ಆಚೆ ದಡಕ್ಕೆ ಬರಲು ಹೊಳೆಬಾಗಿಲಿನ ಲಾಂಚಿಗೆ ಕಾಯುತ್ತ ಮುದುಕರಾದವರು. 2025ರ ಜುಲೈನಲ್ಲಿ ಹಿನ್ನೀರಿಗೆ ಅಡ್ಡ ಸೇತುವೆ ಬಂತು, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ಕೇಬಲ್ಲುಗಳಿಂದ ತೂಗಿದ್ದು. ದೇಶದ ಪತ್ರಿಕೆಗಳೆಲ್ಲ ಅದರ ಚಿತ್ರ ಹಾಕಿದವು. ಅತ್ತೆ ಅದನ್ನು ಕರೆಯುವುದು "ಸಂಕ" ಎಂದು. "ಅಂತೂ ಸಂಕ ಹಾಕಿದ್ವಲಾ" ಎನ್ನುವ ಅವಳ ಮಾತಿನಲ್ಲಿ, ಇದೊಂದು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತೇ ಎಂಬ ಧ್ವನಿ.

"ಬಂದ್ಯನಾ ತಮಾ? ಇದೆಂತದಾ, ಹೊಂಡಕ್ಕೆ ಬಿದ್ದ ಎಮ್ಮೆ ಹಂಗೆ ಆಯ್ದೆಲಾ!"

ಕಾಲು ತೊಳೆದು, ಆಸರಿ ಕುಡಿದು, ಜಗುಲಿಯ ಮೇಲೆ ನಕ್ಷೆ ಬಿಡಿಸಿದೆ. ಬಣ್ಣಗಳ ವಿಚಾರ ಹೇಳಿದೆ, ಹಂಡೆಯ ಉಪಮೆ ಕೊಟ್ಟೆ. ಕೊನೆಗೆ ದೊಡ್ಡ ಗುಟ್ಟು ಬಿಡುವವನಂತೆ ಆ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು "ಇದು ನಮ್ಮೂರು ಅತ್ತೆ" ಎಂದೆ. ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಮೂಗಿನ ಹತ್ತಿರ ತಂದು ನೋಡಿದಳು. ಆಮೇಲೆ ಕಿರುಬೆರಳಿನ ಉಗುರಿನಿಂದ ಚುಕ್ಕೆಯ ಅಂಚನ್ನು ಮೆಲ್ಲಗೆ ಕೆರೆದಳು. ಬಿಳಿ ಪುಡಿ ಉದುರಿತು. ಸುಣ್ಣ.

"ಊರೂ ಅಲ್ಲ, ಕೇರಿಯೂ ಅಲ್ಲ. ಇದು ಕವಳದ ಕಲೆಯೋ!"

ಒಳಗಿನಿಂದ ಸೊಸೆ, ಮೊಮ್ಮಕ್ಕಳು ಎಲ್ಲ ಬಂದು ನಕ್ಕರು. ನಾನೂ ನಕ್ಕೆ, ನಗದೆ ಮತ್ತೇನು ಮಾಡಲಿ. ನಲವತ್ತು ಮಂದಿ ಕೈ ಮುಗಿದದ್ದು, ಅಳಿಯ ಉಪಗ್ರಹ ಹಾರಿಸಿದ್ದು, ನಾನು ಚಪ್ಪಲಿ ಅರ್ಪಿಸಿದ್ದು ಎಲ್ಲ ಯಾರೋ ಜಗಿದ ಎಲೆ ಅಡಕೆಗೆ. ವಾಟ್ಸಾಪಿನಲ್ಲಿ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅತ್ತೆ ಮಾತ್ರ ನಗು ನಿಲ್ಲಿಸಿ ಉಗುರಿನ ಸುಣ್ಣವನ್ನೇ ನೋಡುತ್ತಿದ್ದಳು.

"ತಡಿ, ಎಂಗೆ ನೆನಪಿದ್ದು" ಎಂದಳು.

ಡ್ಯಾಮಿನ ಮಾತು ಎದ್ದ ಕಾಲ. ಅಳತೆಗೆ ಬಂದ ಓವರ್‌ಸಿಯರ್ ಒಬ್ಬ ನಮ್ಮ ಜಗುಲಿಯಲ್ಲಿ ಎರಡು ದಿನ ಉಳಿದಿದ್ದನಂತೆ. ರಾತ್ರಿ ಲಾಟೀನಿನ ಬೆಳಕಿನಲ್ಲಿ ಈ ಹಾಳೆ ಹಾಸಿಕೊಂಡು ಅಜ್ಜನಿಗೆ ಎಲ್ಲಿಯವರೆಗೆ ನೀರು ಬರುತ್ತದೆ ಎಂದು ತೋರಿಸುತ್ತಿದ್ದ. ಬಾಗಿಲ ಹಿಂದೆ ಕವಳ ಕಟ್ಟುತ್ತ ಕೂತಿದ್ದ ಅಜ್ಜಿ ಕೇಳಿದಳು: "ಅದ್ರಲ್ಲಿ ಎಂಗಳ ಮನೆ ಎಲ್ಲಿದ್ದು?" ಅವನು ಹುಡುಕಿದ. ಸಿಗಲಿಲ್ಲ. ಮೂರು ಮನೆಯ ಊರು, ಸರ್ವೆಯವರ ಕೆಂಪಿಗೆ ಸಾಲದ್ದು. "ಚಿಕ್ಕ ಊರಮ್ಮ, ಇದರಲ್ಲಿ ಬಂದಿಲ್ಲ" ಎಂದ. ಅಜ್ಜಿ ಎದ್ದು ಹೊರಗೆ ಬಂದಳು. ಅಕ್ಷರ ಬಾರದವಳು. ಹೊಳೆ ಯಾವುದು, ಕೇಳಿದಳು. ಅವನು ನೀಲಿ ಗೆರೆ ತೋರಿಸಿದ. ಸೂರ್ಯ ಹುಟ್ಟುವುದು ಯಾವ ಕಡೆ? ತೋರಿಸಿದ. ಹಿಂದಿನ ಗುಡ್ಡ? ಅದನ್ನೂ ತೋರಿಸಿದ. ಅಜ್ಜಿ ಒಂದು ಗಳಿಗೆ ನೋಡಿ, "ಹಂಗಾರೆ ಇಲ್ಲಿದ್ದು" ಎಂದು ಸುಣ್ಣ, ಕವಳದ ರಸ ಮೆತ್ತಿದ ಹೆಬ್ಬೆರಳಿನ ತುದಿಯನ್ನು ಒತ್ತಿಬಿಟ್ಟಳು. ಕಲೆಯಾದ ಹಾಳೆಯನ್ನು ಆಫೀಸಿಗೆ ವಾಪಸು ಕೊಡುವುದು ಹೇಗೆಂದು ಓವರ್‌ಸಿಯರ್ ಪೇಚಾಡಿದ. ಬೆಳಗ್ಗೆ ಹೋಗುವಾಗ ಬಿಟ್ಟೇ ಹೋದ.

ಉಪಗ್ರಹ ತೋರಿಸಿದ ಜಾಗ ಸರಿಯಾಗಿಯೇ ಇತ್ತು, ಹಾಗಾದರೆ. ದಿಕ್ಕಿನ ಪಾತ್ರೆಯನ್ನು ದೇವರು ನನಗಿಂತ ಮುಂಚೆ ನಮ್ಮ ಅಜ್ಜಿಯ ಎಲೆಗೇ ಬೋರಲು ಹಾಕಿದ್ದಿರಬೇಕು.

ಅತ್ತೆ ಉಗುರಿನ ಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ, ಕಲೆಯನ್ನು ಮತ್ತೆ ಮುಟ್ಟಲೂ ಇಲ್ಲ. ನನಗೆ ಮಾತು ತಿರುಗಿಸಬೇಕೆನಿಸಿತು. ಒಂದಿಂಚಿಗೆ ಒಂದು ಮೈಲಿಯ ಲೆಕ್ಕ ನೆನಪಾಗಿ, "ಅತ್ತೆ, ಅಜ್ಜಿಯ ಬೆರಳಿನ ಗುರುತು ಕಾಲಿಂಚು ಅಗಲ ಇದೆ. ನಕ್ಷೆಯ ಪ್ರಕಾರ ಅದು ಕಾಲು ಮೈಲಿ. ನಮ್ಮನೆ ಅಷ್ಟು ದೊಡ್ಡಕ್ಕಿತ್ತಾ?" ಎಂದೆ.

ಅತ್ತೆ ಕವಳದ ಹರಿವಾಣ ಹತ್ತಿರ ಎಳೆದುಕೊಂಡು ಒಂದು ಎಲೆ ಆರಿಸಿ ತೊಟ್ಟು ಮುರಿದಳು.

"ಅಷ್ಟೇ ದೊಡ್ಡಕ್ಕಿತ್ತು" ಎಂದಳು.